ಪ್ರತಿಕ್ರಿಯೆ: ಮೇಲೆ ಹಳೇ ಕಲ್ಲು, ಕೆಳಗೆ ಹೊಸ ಗ್ರಾನೈಟ್. ಲ್ಯಾಬ್ ತಪ್ಪಾ?

ಕಲ್ಲುಗಳ ವಯಸ್ಸು ಅಳೆದ ಲ್ಯಾಬ್ ತಪ್ಪಿರಲಿಕ್ಕಿಲ್ಲ. ಲಿಂಗಸುಗೂರು ಕಡೆಯ ನಿಮ್ಮ ಡ್ರಿಲ್ ಹೋಲ್‌ನಲ್ಲಿ ಕರಿ ಆಂಫಿಬೊಲೈಟ್ (ಶಾಖ, ಒತ್ತಡಕ್ಕೆ ಸಿಕ್ಕಿ ರೂಪ ಬದಲಾದ ಕಲ್ಲು) ಕೆಳಗೆ ಚಿಕ್ಕ ವಯಸ್ಸಿನ ಗ್ರಾನೈಟ್ ಸಿಕ್ಕಿದೆ ಅಂದರೆ, ಬಹುಶಃ ಆ ಗ್ರಾನೈಟ್ ಆಮೇಲೆ ಕರಗಿದ ರೂಪದಲ್ಲಿ ಒಳನುಗ್ಗಿದ್ದು. ‘ಕೆಳಗಿದ್ದದ್ದೇ ಹಳೇದು’ ಅನ್ನೋದು ಪದರವಾಗಿ ಕೂತ ಕಲ್ಲಿಗೆ ಮಾತ್ರ. ನಿಮ್ಮ ಹೋಲ್ ಇರುವ ಹಟ್ಟಿ ಶಿಲಾ ಪಟ್ಟಿಯಲ್ಲಂತೂ ಪದರಗಳೇ ಹೆಚ್ಚುಕಮ್ಮಿ ನೆಟ್ಟಗೆ ನಿಂತಿವೆ ಅಲ್ವಾ!

ಮೊದಲು ಎರಡೂ ಕಲ್ಲು ಸೇರುವ ಜಾಗದ ಕೋರ್ (ಕೊರೆದು ತೆಗೆದ ಕಲ್ಲಿನ ಕಂಬಿ) ಒದ್ದೆ ಮಾಡಿ ಲೆನ್ಸ್‌ನಲ್ಲಿ ನೋಡಿ. ಗ್ರಾನೈಟ್ ಒಳಗೆ ಕರಿ ಕಲ್ಲಿನ ಚೂರು ಸಿಕ್ಕಿಕೊಂಡಿದ್ದರೆ, ಇಲ್ಲಾ ಗ್ರಾನೈಟ್‌ನ ಬಿಳಿ ಎಳೆಗಳು ಕರಿ ಕಲ್ಲಿಗೆ ನುಗ್ಗಿದ್ದರೆ, ಗ್ರಾನೈಟೇ ವಯಸ್ಸಲ್ಲಿ ಚಿಕ್ಕದು. ಅದರ ಅಂಚಿನಲ್ಲಿ ಕಾಳು ಸಣ್ಣಗಾಗಿದ್ದರೂ ಅದೇ ಸೂಚನೆ. ಬದಲಿಗೆ ಪುಡಿ, ಜೇಡಿ, ಗೀರು ಬಿದ್ದ ನುಣುಪು ಮೈ ಕಂಡರೆ ಅದು ಫಾಲ್ಟ್, ಅಂದರೆ ಕಲ್ಲು ಬಿರಿದು ಸರಿದ ಜಾಗ. ಆಗ ಆ ಗಡಿ ನೋಡಿ ಹಿರಿ-ಕಿರಿ ಹೇಳೋಕಾಗಲ್ಲ. ನಿಮ್ಮ ವಿವರಣೆಯಲ್ಲಿ ಇವೆರಡರಲ್ಲಿ ಯಾವುದು ಅಂತ ಸ್ಪಷ್ಟವಿಲ್ಲ.

ಆಮೇಲೆ ರಿಪೋರ್ಟ್‌ನಲ್ಲಿ ಯಾವ ಖನಿಜದ ವಯಸ್ಸು ಅಂತ ನೋಡಿ. ಜಿರ್ಕಾನ್‌ನ (ಗ್ರಾನೈಟ್ ಒಳಗಿನ ಸಣ್ಣ ಖನಿಜ ಕಾಳು) ಯುರೇನಿಯಂ-ಸೀಸ ವಿಧಾನದ ವಯಸ್ಸಾದರೆ ಸಾಮಾನ್ಯವಾಗಿ ಗ್ರಾನೈಟ್ ಹೆಪ್ಪುಗಟ್ಟಿದ ಕಾಲ. ಕರಿ ಅಭ್ರಕದ ಪೊಟ್ಯಾಸಿಯಂ-ಆರ್ಗಾನ್ ವಿಧಾನದ ವಯಸ್ಸಾದರೆ ಕೊನೆಯ ಸಲ ತಣ್ಣಗಾದ ಕಾಲ. ಇವೆರಡನ್ನೂ ಸುಮ್ನೆ ಪಕ್ಕಪಕ್ಕ ಇಟ್ಟು ಹೋಲಿಸಬೇಡಿ.

ಒಂದೇ ಹೋಲ್ ನಂಬಿ ಸೆಕ್ಷನ್‌ನಲ್ಲಿ (ನೆಲವನ್ನು ಉದ್ದಕ್ಕೆ ಸೀಳಿದಂತೆ ತೋರಿಸುವ ನಕ್ಷೆ) ಗಡಿ ಎಳೆಯಬೇಡಿ. ಕೋರ್ ಓರಿಯೆಂಟ್ ಮಾಡಿಲ್ಲದಿದ್ದರೆ (ನೆಲದೊಳಗೆ ಅದು ಯಾವ ದಿಕ್ಕಿಗಿತ್ತು ಅಂತ ಗುರುತು ಹಾಕಿಲ್ಲದಿದ್ದರೆ) ಆ ಗಡಿ ಯಾವ ಕಡೆ ವಾಲಿದೆ ಅಂತ ಎರಡನೇ ಹೋಲ್ ಕೊರೆದ ಮೇಲೇ ಅಂದಾಜಾಗೋದು.