ಹಳೆಯ ಅಂಬಾಸಿಡರ್‌ಗೆ ಡಿಸ್ಕ್ ಬ್ರೇಕ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ತಂದೆಯವರು 1972ರಲ್ಲಿ ಕೊಂಡ ಅಂಬಾಸಿಡರ್ ಮಾರ್ಕ್ 2 ಪೆಟ್ರೋಲ್ ಕಾರು ಇಂದಿಗೂ ಓಡುತ್ತಿದೆ. ಕಳೆದ ತಿಂಗಳು ಐದು ಜನ ಕುಳಿತು ಧರ್ಮಸ್ಥಳಕ್ಕೆ ಹೊರಟಿದ್ದಾಗ, ಚಾರ್ಮಾಡಿ ಘಾಟಿಯ ಅರ್ಧ ಇಳಿಯುವಷ್ಟರಲ್ಲಿ ಬ್ರೇಕನ್ನು ಎಷ್ಟು ಒತ್ತಿದರೂ ಕಾರು ನಿಧಾನವಾಗಲಿಲ್ಲ. ಸುಟ್ಟ ವಾಸನೆಯೂ ಬಂತು. ಅರ್ಧ ಗಂಟೆ ನಿಲ್ಲಿಸಿದ ಮೇಲೆ ಸರಿಯಾಯಿತು. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹಾಕಿಸಿ ಎನ್ನುತ್ತಾರೆ ನಮ್ಮ ಮೆಕ್ಯಾನಿಕ್. ಹಾಕಿಸಬಹುದೇ?
— ಓದುಗರೊಬ್ಬರು, ಮೂಡಿಗೆರೆ

ಉತ್ತರ: ಹಾಕಿಸಬಹುದು. ಆದರೆ ನಿಮ್ಮ ಕಾರಿಗೆ ಆದದ್ದೇನೆಂದು ಮೊದಲು ತಿಳಿಯುವುದು ಒಳ್ಳೆಯದು. ಜನ ತುಂಬಿದ ಅಂಬಾಸಿಡರ್ ಸುಮಾರು ಒಂದೂವರೆ ಟನ್ ತೂಗುತ್ತದೆ. ಅಷ್ಟು ತೂಕ 500 ಮೀಟರ್ ಎತ್ತರದಿಂದ ಕೆಳಗಿಳಿಯುವಾಗ ಬಿಡುಗಡೆಯಾಗುವ ಶಕ್ತಿಯೆಲ್ಲ ಶಾಖವಾದರೆ, ಇಪ್ಪತ್ತು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಸಬಹುದು. ಬಚ್ಚಲ ಹಂಡೆಯನ್ನು ನೆನೆದರೆ ಅಂದಾಜು ಸಿಗುತ್ತದೆ. ಗೇರು ಇಳಿಸಿ ಎಂಜಿನ್ನಿನ ಹಿಡಿತದಲ್ಲಿ ಬಂದರೆ ಅದರ ದೊಡ್ಡ ಪಾಲು ಎಂಜಿನ್ನಿಗೆ ಹೋಗುತ್ತದೆ, ಟಾಪ್ ಗೇರಿನಲ್ಲಿ ಬಂದರೆ ಬಹುಪಾಲು ಬ್ರೇಕಿನ ಪಾಲಾಗುತ್ತದೆ. ನಿಮ್ಮ ಕಾರಿನದು ಡ್ರಮ್ ಬ್ರೇಕ್: ಚಕ್ರದೊಂದಿಗೆ ತಿರುಗುವ ಡ್ರಮ್ಮಿನ ಒಳಮೈಗೆ, ಲೈನರ್ ಎಂಬ ಉಜ್ಜುಪದರ ಹೊತ್ತ ಶೂಗಳು ಒತ್ತಿ ಹಿಡಿಯುತ್ತವೆ. ಡ್ರಮ್ ಮುಚ್ಚಿದ ಪಾತ್ರೆಯಂತಿರುವುದರಿಂದ ಒಳಗಿನ ಬಿಸಿ ಬೇಗ ಹೊರಹೋಗುವುದಿಲ್ಲ. ಲೈನರ್‌ಗಳು ಹಿಡಿತ ಕಳೆದುಕೊಳ್ಳುತ್ತವೆ, ಡ್ರಮ್ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ. ಪೆಡಲ್ ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಲೈನರ್ ಸೋತಿದೆ ಎಂದು ತಿಳಿಯಬೇಕು. ಪೆಡಲ್ ಮೆತ್ತಗಾಗಿ ಕೆಳಕ್ಕೆ ಹೋದರೆ ಬ್ರೇಕ್ ಆಯಿಲ್ ಕುದ್ದಿರುವ ಸಾಧ್ಯತೆ ಹೆಚ್ಚು. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಆದರೆ ಗಾಳಿಯ ತೇವವನ್ನು ಹೀರಿಕೊಂಡ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಮಲೆನಾಡಿನ ಮಳೆಯಲ್ಲಿ ವರ್ಷಗಟ್ಟಲೆ ಬದಲಾಯಿಸದ ಆಯಿಲ್‌ನ ಪಾಡನ್ನು ನೀವೇ ಊಹಿಸಬಹುದು.

ತೆರೆದ ಗಾಳಿಯಲ್ಲಿ ತಿರುಗುವ ಡಿಸ್ಕ್ ಬೇಗ ತಣಿಯುತ್ತದೆ, ನೀರಿನಲ್ಲಿ ಹಾದುಬಂದರೂ ಬೇಗ ಒಣಗುತ್ತದೆ. ಇದು ಹೊಸ ಜ್ಞಾನವೇನೂ ಅಲ್ಲ: ಫ್ರಾನ್ಸಿನ 1953ರ ಲ ಮಾನ್ ಕಾರ್ ಓಟವನ್ನು ಜಾಗ್ವಾರ್ ಡಿಸ್ಕ್ ಬ್ರೇಕಿನ ಕಾರಿನಲ್ಲಿಯೇ ಗೆದ್ದಿತ್ತು. ಅಂಬಾಸಿಡರ್‌ನ ಮೂಲವಾದ ಮೋರಿಸ್ ಆಕ್ಸ್‌ಫರ್ಡ್ ಮಾತ್ರ ಡ್ರಮ್ಮಿನ ಕಾಲದ ಕಾರು. ಉತ್ತರಪಾರಾ ಕಾರ್ಖಾನೆಯ ಕೊನೆಯ ವರ್ಷಗಳ ಅಂಬಾಸಿಡರ್‌ಗಳಿಗೆ ಮುಂದಿನ ಚಕ್ರಗಳಲ್ಲಿ ಡಿಸ್ಕ್ ಮತ್ತು ಕಾಲಿನ ಬಲವನ್ನು ನಿರ್ವಾತದ ನೆರವಿನಿಂದ ಹೆಚ್ಚಿಸುವ ಬೂಸ್ಟರ್ ಬಂದವು. ನಿಮ್ಮ ದಾರಿ ಸುಲಭವಾಗುವುದು ಅಲ್ಲಿಯೇ. ಅಂಥ ಒಂದೇ ಕಾರಿನಿಂದ ಸ್ಟಬ್ ಆಕ್ಸಲ್ (ಮುಂದಿನ ಚಕ್ರ ಕೂರುವ ಗಿಡ್ಡ ಅಚ್ಚು), ಹಬ್, ಡಿಸ್ಕ್, ಕ್ಯಾಲಿಪರ್ (ಡಿಸ್ಕಿಗೆ ಪ್ಯಾಡ್‌ಗಳನ್ನು ಒತ್ತುವ ಹಿಡಿಕೆ), ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲನ್ನು ಪೈಪಿಗೆ ತಳ್ಳುವ ಭಾಗ), ಬೂಸ್ಟರ್ ಇವಿಷ್ಟನ್ನೂ ಒಟ್ಟಾಗಿ ತನ್ನಿ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹುಡುಕಿದರೆ ಸಿಕ್ಕೀತು. ಜೋಡಿಸುವ ಮೊದಲು ಅಳತೆ ಹಿಡಿದು ನೋಡಿ, ಸೀಲು, ಪ್ಯಾಡ್ ಮತ್ತು ರಬ್ಬರ್ ಹೋಸ್‌ಗಳನ್ನು ಹೊಸದಾಗಿಯೇ ಕೊಳ್ಳಿ. ಬೇರೆ ಕಂಪನಿಯ ಕಾರಿನ ಕ್ಯಾಲಿಪರನ್ನು ಪಟ್ಟಿ ವೆಲ್ಡ್ ಮಾಡಿ ಕೂರಿಸುವವರೂ ಇದ್ದಾರೆ. ಇಡೀ ಕಾರನ್ನು ನಿಲ್ಲಿಸುವ ಬಲ ಆ ಪಟ್ಟಿಯ ಮೇಲೆ ಬೀಳುವುದರಿಂದ ನಾನು ಅದಕ್ಕೆ ಒಪ್ಪಲಾರೆ.

ಬೂಸ್ಟರ್ ಏಕೆ ಬೇಕೆಂದರೆ, ನಿಮ್ಮ ಮುಂದಿನ ಡ್ರಮ್ಮುಗಳಲ್ಲಿ ತಿರುಗುವ ಡ್ರಮ್ಮೇ ಶೂಗಳನ್ನು ತನ್ನತ್ತ ಎಳೆದುಕೊಂಡು ಕಾಲಿನ ಶ್ರಮವನ್ನು ಉಳಿಸುತ್ತದೆ. ಡಿಸ್ಕಿನಲ್ಲಿ ಆ ಸಹಾಯವಿಲ್ಲ. ಕ್ಯಾಲಿಪರಿನ ಪಿಸ್ಟನ್ ದೊಡ್ಡದಾದ್ದರಿಂದ ಅದಕ್ಕೆ ಹೆಚ್ಚು ಆಯಿಲ್ ಬೇಕು, ಹಾಗಾಗಿ ದಪ್ಪ ಮಾಸ್ಟರ್ ಸಿಲಿಂಡರ್ ಬೇಕಾಗಬಹುದು. ಆದರೆ 19 ಮಿಲಿಮೀಟರ್ ಇದ್ದದ್ದನ್ನು 22 ಮಾಡಿದರೆ, ಕಾಲಿನ ಅದೇ ಬಲಕ್ಕೆ ಒತ್ತಡ ಕಾಲು ಭಾಗ ಕಡಿಮೆಯಾಗುತ್ತದೆ. ಒಂದನ್ನು ಬದಲಿಸಿ ಇನ್ನೊಂದನ್ನು ಬಿಟ್ಟರೆ ಲೆಕ್ಕ ತಪ್ಪುವುದು ಹೀಗೆ. ಹಿಂದಿನ ಡ್ರಮ್ಮುಗಳು ಹಾಗೆಯೇ ಇರಲಿ, ಹ್ಯಾಂಡ್ ಬ್ರೇಕಿಗೆ ಅವೇ ಅನುಕೂಲ. ಕೆಲಸ ಮುಗಿದ ಮೇಲೆ ಖಾಲಿ ಮೈದಾನದಲ್ಲಿ ಕಡಿಮೆ ವೇಗದಲ್ಲಿ ಜೋರಾಗಿ ಬ್ರೇಕ್ ಹಾಕಿ, ಹೊರಗೆ ನಿಂತ ಒಬ್ಬರಿಂದ ಯಾವ ಚಕ್ರ ಮೊದಲು ಕಚ್ಚಿ ನಿಲ್ಲುತ್ತದೆಂದು ನೋಡಿಸಿ; ಹಿಂದಿನವು ಮೊದಲು ನಿಂತರೆ ಕಾರು ಅಡ್ಡ ತಿರುಗುವ ಅಪಾಯವಿದೆ, ಆಗ ಹಿಂದಿನ ಪೈಪಿಗೆ ಒತ್ತಡ ತಗ್ಗಿಸುವ ವಾಲ್ವ್ ಹಾಕಿಸಬೇಕು.

ನನ್ನನ್ನು ಕೇಳಿದರೆ, ಡಿಸ್ಕಿಗಿಂತ ಮೊದಲು ಹಣ ಹಾಕಬೇಕಾದದ್ದು ಆಯಿಲಿಗೆ ಎರಡು ಪ್ರತ್ಯೇಕ ದಾರಿ ಕೊಡುವ ಎರಡು ಭಾಗದ ಮಾಸ್ಟರ್ ಸಿಲಿಂಡರಿಗೆ. ಹಳೆಯ ಏಕಮಾರ್ಗದ ವ್ಯವಸ್ಥೆಯಲ್ಲಿ ಒಂದು ಹೋಸ್ ಒಡೆದರೆ ನಾಲ್ಕೂ ಚಕ್ರಗಳ ಬ್ರೇಕ್ ಹೋಗುತ್ತದೆ, ಎಂಥ ಉತ್ತಮ ಡಿಸ್ಕೂ ಆಗ ನೆರವಿಗೆ ಬರುವುದಿಲ್ಲ.

ಕಾನೂನಿನ ಮಾತೂ ಇದೆ. ನೋಂದಣಿ ಪತ್ರದ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. 50 ವರ್ಷ ದಾಟಿದ ನಿಮ್ಮ ಕಾರನ್ನು 2021ರ ನಿಯಮದಡಿ ವಿಂಟೇಜ್ ಎಂದು ನೋಂದಾಯಿಸುವ ಯೋಚನೆಯಿದ್ದರೆ ಅದು ಮೂಲರೂಪದಲ್ಲಿರಬೇಕೆಂಬ ಷರತ್ತೂ ಸೇರಿಕೊಳ್ಳುತ್ತದೆ. ಆರ್‌ಟಿಒ ಕಚೇರಿಯಲ್ಲಿ ಮೊದಲೇ ಲಿಖಿತವಾಗಿ ವಿಚಾರಿಸಿ, ಬಿಚ್ಚಿದ ಹಳೆಯ ಭಾಗಗಳನ್ನು ಗ್ರೀಸ್ ಹಚ್ಚಿ ಕಟ್ಟಿಡಿ.

ಪ್ರಶ್ನೆ: ಕಳೆದ ವರ್ಷ ಡಿಸ್ಕ್ ಹಾಕಿಸಿದೆ, ಮಾಸ್ಟರ್ ಸಿಲಿಂಡರ್ ಹಳೆಯದೇ ಇದೆ. ಮುಂದಿನ ಚಕ್ರಗಳು ಬಿಸಿಯಾಗುತ್ತವೆ, ನೂಕಿದರೆ ಕಾರು ಸಲೀಸಾಗಿ ಉರುಳುವುದಿಲ್ಲ.
— ಓದುಗರೊಬ್ಬರು, ಹಾಸನ

ಉತ್ತರ: ಡ್ರಮ್ಮಿಗಾಗಿ ಮಾಡಿದ ಅನೇಕ ಮಾಸ್ಟರ್ ಸಿಲಿಂಡರ್‌ಗಳು ಕಾಲು ತೆಗೆದ ಮೇಲೂ ಪೈಪಿನಲ್ಲಿ ಸುಮಾರು 10 ಪಿಎಸ್ಐ ಒತ್ತಡವನ್ನು ಉಳಿಸುತ್ತವೆ. ಡ್ರಮ್ಮಿನಲ್ಲಿ ಶೂಗಳನ್ನು ಹಿಂದಕ್ಕೆಳೆಯಲು ಸ್ಪ್ರಿಂಗ್ ಇದೆ. ಕ್ಯಾಲಿಪರಿನಲ್ಲಿ ಇಲ್ಲ, ಆದ್ದರಿಂದ ಪ್ಯಾಡ್ ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ. ಡಿಸ್ಕಿಗೆ ತಕ್ಕ ಸಿಲಿಂಡರ್ ಹಾಕಿಸಿ. ಅದು ಕ್ಯಾಲಿಪರಿಗಿಂತ ಕೆಳಮಟ್ಟದಲ್ಲಿದ್ದರೆ ಮಾತ್ರ, ಆಯಿಲ್ ಹಿಂದಕ್ಕೆ ಇಳಿಯದಂತೆ 2 ಪಿಎಸ್ಐ ವಾಲ್ವ್ ಬೇಕು. ಅಲ್ಲಿಯವರೆಗೆ ದೂರ ಪ್ರಯಾಣ ಬೇಡ.

ಪ್ರಶ್ನೆ: ನನ್ನದು ಡೀಸೆಲ್ ಅಂಬಾಸಿಡರ್. ಪೆಟ್ರೋಲ್ ಕಾರಿನ ಬೂಸ್ಟರ್ ಕೂರಿಸಬಹುದೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಬೂಸ್ಟರ್ ಕೂರುತ್ತದೆ, ಆದರೆ ಅದಕ್ಕೆ ಬೇಕಾದ ನಿರ್ವಾತ ಡೀಸೆಲ್ ಎಂಜಿನ್ನಿನ ಮ್ಯಾನಿಫೋಲ್ಡಿನಲ್ಲಿ ಸಾಮಾನ್ಯವಾಗಿ ಸಾಲುವುದಿಲ್ಲ. ಆಲ್ಟರ್ನೇಟರಿನ ಹಿಂಬದಿಗೆ ವ್ಯಾಕ್ಯೂಮ್ ಪಂಪ್ ಇರುವ ಮಾದರಿಯನ್ನು ಜೊತೆಗೇ ಹಾಕಿಸಿ, ಅದಕ್ಕೆ ಎಂಜಿನ್ ಆಯಿಲಿನ ಪೈಪ್ ಕೊಡಲು ಮರೆಯಬೇಡಿ.