ಗುಂಪಿನಲ್ಲಿ ಬರೆದ ಮಾತನ್ನು ಸಂಶೋಧನೆಗೆ ಕೊಡಬೇಕೇ? ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗಬಾರದೆಂದು ಇಲ್ಲಿ ಹೆಸರು, ವಯಸ್ಸು, ಉದ್ಯೋಗಗಳನ್ನು ಬದಲಿಸಿದ್ದೇನೆ. ಪ್ರಕರಣವನ್ನು ಬರೆಯಲು, ಆಪ್ತಸಲಹೆಗೆ ನನ್ನ ಬಳಿ ಬಂದವರು ಒಪ್ಪಿದ್ದಾರೆ. ಬರೆದುದನ್ನು ಓದಿ ಎರಡು ವಾಕ್ಯಗಳನ್ನು ತೆಗೆಸಿಯೂ ಇದ್ದಾರೆ. ಅವರನ್ನು ಸುಮನಾ ಎಂದು ಕರೆಯುತ್ತೇನೆ.

ಸುಮನಾ 27 ವರ್ಷದವರು, ಬೆಂಗಳೂರಿನ ಒಂದು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿದ್ದಾರೆ. 19ನೆಯ ವಯಸ್ಸಿನಲ್ಲಿ ಮುಟ್ಟು ತಪ್ಪುತ್ತಿದೆಯೆಂದು ಸ್ಕ್ಯಾನಿಂಗ್ ಮಾಡಿಸಿದಾಗ, "ಪಿಸಿಓಡಿ ಇದೆ, ತೂಕ ಇಳಿಸಮ್ಮ" ಎಂಬ ಮಾತಿನೊಂದಿಗೆ ವೈದ್ಯರ ಸಮಾಲೋಚನೆ ಮುಗಿದಿತ್ತು. ಹಾರ್ಮೋನುಗಳ ಏರುಪೇರಿನಿಂದ ಮುಟ್ಟು ತಪ್ಪುವ, ಪಿಸಿಓಎಸ್ ಎಂದೂ ಕರೆಯುವ ಈ ತೊಂದರೆಯ ಬಗ್ಗೆ ಆಮೇಲೆ ಅವರು ತಿಳಿದುಕೊಂಡದ್ದರಲ್ಲಿ ಹೆಚ್ಚಿನದು ಕನ್ನಡದಲ್ಲೇ ಮಾತಾಡಿಕೊಳ್ಳುವ ಹೆಂಗಸರ ಒಂದು ಟೆಲಿಗ್ರಾಂ ಗುಂಪಿನಿಂದ. ಆ ಗುಂಪಿಗೆ ಒಬ್ಬ ಪಿಎಚ್‌ಡಿ ವಿದ್ಯಾರ್ಥಿನಿಯಿಂದ ಕೋರಿಕೆಯೊಂದು ಬಂತು. ಇಂಥ ಆನ್‌ಲೈನ್ ಆಸರೆಯಿಂದ ಪಿಸಿಓಎಸ್ ಇರುವವರಿಗೆ ಏನು ಪ್ರಯೋಜನವಾಗುತ್ತದೆ ಎಂಬುದು ಅಧ್ಯಯನದ ವಿಷಯ. ಮುಕ್ಕಾಲು ಗಂಟೆಯ ವಿಡಿಯೊ ಸಂದರ್ಶನ ಮತ್ತು ಗುಂಪಿನ ಹಳೆಯ ಸಂದೇಶಗಳ ಓದು ಎಂಬ ಎರಡು ಭಾಗಗಳು ಅದರಲ್ಲಿದ್ದವು. "ಭಾಗವಹಿಸಬೇಕೋ ಬೇಡವೋ ಹೇಳಿ ಮೇಡಂ" ಎಂದು ಸುಮನಾ ನನ್ನ ಬಳಿ ಬಂದರು.

ಇದು ಅರ್ಧ ಗಂಟೆಯಲ್ಲಿ ಮುಗಿಯುವ ಮಾಹಿತಿಯ ಪ್ರಶ್ನೆಯೆಂದು ನಾನು ಎಣಿಸಿದ್ದೆ. ನನ್ನ ಎಣಿಕೆ ತಪ್ಪಾಗಿತ್ತು. "ಹಳೆಯ ಸಂದೇಶಗಳಲ್ಲಿ ಯಾರೂ ಓದಬಾರದೆನಿಸುವಂಥದ್ದು ಏನಾದರೂ ಇದೆಯೇ?" ಎಂದು ಕೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, ಅನಂತರ ಅತ್ತರು. ಎರಡು ವರ್ಷದ ಹಿಂದೆ ನಿಶ್ಚಯದ ಹಂತಕ್ಕೆ ಬಂದಿದ್ದ ಸಂಬಂಧವೊಂದರಲ್ಲಿ, ಮುಚ್ಚಿಡುವುದು ಸರಿಯಲ್ಲವೆಂದು ಇವರೇ ತಮ್ಮ ತೊಂದರೆಯನ್ನು ಹುಡುಗನಿಗೆ ಹೇಳಿದ್ದರು. ವಾರದೊಳಗೆ ಗಂಡಿನ ಕಡೆಯವರು ಜಾತಕದ ನೆಪ ಹೇಳಿ ಹಿಂದೆ ಸರಿದರು. ನಿಜವಾದ ಕಾರಣ ಮನೆಯಲ್ಲಿ ಇಂದಿಗೂ ಯಾರಿಗೂ ಗೊತ್ತಿಲ್ಲ. ಆ ರಾತ್ರಿ ಅದನ್ನು ಅವರು ಬರೆದುಕೊಂಡದ್ದು ಆ ಗುಂಪಿನಲ್ಲಿ ಮಾತ್ರ. ಆಗ ಸಂತೈಸಿದವರಿಗೆ ತಾನು ಋಣಿ, ಆದ್ದರಿಂದ ಸಂಶೋಧನೆಗೆ ಇಲ್ಲವೆನ್ನಬಾರದು ಎಂಬ ಭಾವನೆ ಅವರನ್ನು ಕಾಡುತ್ತಿತ್ತು. ಋಣದಿಂದ ಹುಟ್ಟಿದ ಹೂಂ ಅನ್ನು ನಾನು ಒಪ್ಪಿಗೆಯೆಂದು ಎಣಿಸುವುದಿಲ್ಲ, ಅದನ್ನು ಅವರಿಗೂ ಹೇಳಿದೆ.

ಮಾತಿನ ನಡುವೆ ಇನ್ನೊಂದು ಸಂಗತಿ ಹೊರಬಂತು: ಅವರಿಗೆ ಮುಟ್ಟಾಗಿ ಐದು ತಿಂಗಳಾಗಿತ್ತು. ಗುಂಪಿನಲ್ಲಿ ಯಾರೋ ಹೇಳಿದ ಪೂರಕ ಪುಡಿಯನ್ನು ನೆಚ್ಚಿಕೊಂಡಿದ್ದರು. ಅಧ್ಯಯನಕ್ಕೆ ಸೇರಿದರೆ ಅಲ್ಲಿಯವರೇ ಚಿಕಿತ್ಸೆಯ ದಾರಿ ತೋರಿಸಬಹುದೆಂಬ ನಿರೀಕ್ಷೆಯೂ ಇತ್ತು. ಸಂದರ್ಶನ ನಡೆಸುವವರು ಚಿಕಿತ್ಸಕರಲ್ಲ, ಅವರ ಕೆಲಸ ತಿಳಿದುಕೊಳ್ಳುವುದು ಎಂಬುದನ್ನು ಬಿಡಿಸಿ ಹೇಳಿದೆ. ಅಂಡಾಣು ಬಿಡುಗಡೆಯಾಗದೆ ತಿಂಗಳುಗಟ್ಟಲೆ ಮುಟ್ಟು ನಿಂತರೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗಬಹುದು, ಮೂರು ತಿಂಗಳು ಮೀರಿದರೆ ಸ್ತ್ರೀರೋಗ ತಜ್ಞರನ್ನು ಕಾಣಲೇಬೇಕು ಎಂದು ತಿಳಿಸಿ, ಸಂಶೋಧನೆಯ ವಿಚಾರವನ್ನು ಆ ಭೇಟಿಯ ನಂತರಕ್ಕೆ ಇಟ್ಟೆವು. ಸ್ಕ್ಯಾನಿಂಗ್‌ನಲ್ಲಿ ಕಂಡ 'ನೀರುಗುಳ್ಳೆ'ಗಳು ಗೆಡ್ಡೆಗಳಲ್ಲ, ಪೂರ್ತಿ ಬೆಳೆಯದೆ ನಿಂತ ಅಂಡಕೋಶಿಕೆಗಳು, ಅಂದರೆ ಅಂಡಾಣು ಬೆಳೆಯುವ ಪುಟ್ಟ ಚೀಲಗಳು ಎಂಬುದನ್ನು ಎಂಟು ವರ್ಷಗಳಲ್ಲಿ ಅವರಿಗೆ ಯಾರೂ ಹೇಳಿರಲಿಲ್ಲ. ಪಿಸಿಓಎಸ್ ಎಂದು ಗೊತ್ತಾದವರಲ್ಲಿ ಖಿನ್ನತೆ, ಆತಂಕಗಳಿವೆಯೇ ಎಂದೂ ವಿಚಾರಿಸಬೇಕೆಂದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ನಾನು ವಿಚಾರಿಸಿದಾಗ ಸುಮನಾರಲ್ಲಿ ಆತಂಕ ಸ್ಪಷ್ಟವಾಗಿಯೇ ಇತ್ತು, ಹಾಗಾಗಿ ನಮ್ಮ ಭೇಟಿಗಳು ಮುಂದುವರಿದವು.

ಎರಡನೆಯ ಭೇಟಿಗೆ ಅವರು ಅಧ್ಯಯನದ ಮಾಹಿತಿ ಪತ್ರವನ್ನು ತಂದಿದ್ದರು. ಕನ್ನಡದ ಗುಂಪಿಗೆ ಬಂದ ಆ ಪತ್ರ ನಾಲ್ಕು ಪುಟ ಇಂಗ್ಲಿಷಿನಲ್ಲಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಯ ಪ್ರಕಾರ ಮಾಹಿತಿಯು ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಯಾವಾಗ ಬೇಕಾದರೂ ಹಿಂದೆ ಸರಿಯುವ ಹಕ್ಕನ್ನು ಅದರಲ್ಲಿ ತಿಳಿಸಿರಬೇಕು, ಸಂಶೋಧಕರನ್ನೂ ನೈತಿಕ ಸಮಿತಿಯನ್ನೂ ಸಂಪರ್ಕಿಸುವ ವಿವರವಿರಬೇಕು. ಕನ್ನಡ ಪ್ರತಿಯನ್ನು ಕೇಳುವುದು ಉದ್ಧಟತನವಲ್ಲ ಎಂದು ಅವರಿಗೆ ಮನವರಿಕೆ ಮಾಡಿಸಲು, ಪತ್ರವನ್ನು ಓದಿ ಹೇಳುವುದಕ್ಕಿಂತ ಹೆಚ್ಚು ಸಮಯ ಹಿಡಿಯಿತು.

ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು, ಹೆಸರು ತೆಗೆದು ಸಂದೇಶಗಳನ್ನು 'ಇದ್ದಂತೆಯೇ' ಉಲ್ಲೇಖಿಸಲಾಗುವುದು ಎಂಬ ಸಾಲು. ಕನ್ನಡದಲ್ಲಿ ಹೆಸರು ತೆಗೆದ ಮಾತ್ರಕ್ಕೆ ಗುರುತು ಹೋಗುವುದಿಲ್ಲ. 'ತಿಳಿವಲ್ದು' ಎಂಬ ಒಂದೇ ಪದ ಆಡಿದವರನ್ನು ಧಾರವಾಡದ ಕಡೆಯವರೆಂದು ಹೇಳಿಬಿಡುತ್ತದೆ, ಕುಂದಾಪುರದವರನ್ನು ಗುರುತಿಸಲು ಒಂದು ಕ್ರಿಯಾಪದ ಸಾಕು. ಅದರ ಜೊತೆಗೆ ಮುರಿದುಬಿದ್ದ ಸಂಬಂಧದ ವಿವರವೂ ಸೇರಿದರೆ ನೆಂಟರಿಷ್ಟರಲ್ಲಿ ಯಾರಾದರೂ ಊಹಿಸಬಲ್ಲರು. ಅಲ್ಲದೆ ಸುಮನಾರ ಸಂದೇಶಗಳ ಕೆಳಗೆ ಬೇರೆಯವರ ಉತ್ತರಗಳಿವೆ, ಅವರವರ ಗರ್ಭಪಾತದ, ಗಂಡನ ಮನೆಯ ಕಥೆಗಳಿವೆ. ಗುಂಪಿನ ಅಡ್ಮಿನ್ ಅನುಮತಿ ಕೊಟ್ಟಿದ್ದರೂ ಅದು ಆ ಹೆಂಗಸರ ಒಪ್ಪಿಗೆಯಾಗದು, ಸುಮನಾ ಹಾಕುವ ಸಹಿಯಂತೂ ಅವರ ಒಪ್ಪಿಗೆ ಆಗಲೇ ಆಗದು.

ಹೀಗಾಗಿ ನಾನು ಕೊಟ್ಟ ಸಲಹೆ ಇಷ್ಟು: ಸಂದರ್ಶನವನ್ನೂ ಸಂದೇಶಗಳನ್ನೂ ಬೇರೆಬೇರೆಯಾಗಿ ನೋಡಿ, ಒಂದಕ್ಕೆ ಒಪ್ಪಿ ಇನ್ನೊಂದನ್ನು ನಿರಾಕರಿಸಬಹುದು. ಧ್ವನಿಮುದ್ರಣವನ್ನು ಯಾರು ಕೇಳುತ್ತಾರೆ, ಯಾವಾಗ ಅಳಿಸುತ್ತಾರೆ, ನೀವು ಹಿಂದೆ ಸರಿದರೆ ಅದುವರೆಗಿನ ಮಾತನ್ನು ಯಾವ ದಿನಾಂಕದವರೆಗೆ ತೆಗೆಸಲು ಸಾಧ್ಯ ಎಂಬುದನ್ನು ಬರಹದಲ್ಲಿ ಕೇಳಿ. ಎಲ್ಲರ ಮಾತುಗಳೂ ಕಲೆತು ವಿಶ್ಲೇಷಣೆಯಾದ ಮೇಲೆ ಒಬ್ಬರದನ್ನು ಮಾತ್ರ ಬೇರ್ಪಡಿಸುವುದು ಕಷ್ಟ. ಕ್ಯಾಮೆರಾ ಆಫ್ ಮಾಡಿ ಮಾತಾಡಬಹುದೇ ಎಂದೂ ಕೇಳಿ. ಪೀಜಿಯ ಕೋಣೆಯಲ್ಲಿ ಗೆಳತಿ ಇರುವ ಹೊತ್ತನ್ನು ಆರಿಸಿಕೊಳ್ಳಬೇಡಿ. ಸಂದರ್ಶನದ ನಂತರ ಮನಸ್ಸು ಕದಡಿದರೆ ನನಗೆ ಕರೆಮಾಡಿ. ನಾನು ಸಿಗದ ರಾತ್ರಿಗಳಿಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಸೇರಬೇಡಿ ಎಂದು ನಾನು ಹೇಳಲಿಲ್ಲ. ಕನ್ನಡದಲ್ಲಿ ಮುಟ್ಟಿನ ಬಗ್ಗೆ ಮಾತಾಡಿಕೊಳ್ಳುವ ಹೆಂಗಸರ ಅನುಭವ ಅಧ್ಯಯನಗಳಲ್ಲಿ ದಾಖಲಾಗಬೇಕೆಂಬುದು ನನ್ನ ಆಸೆಯೂ ಹೌದು, ಆ ಆಸೆ ಸಲಹೆಯೊಳಗೆ ನುಸುಳದಂತೆ ನೋಡಿಕೊಳ್ಳಬೇಕಾಯಿತು.

ಸಂಶೋಧಕಿ ಹತ್ತು ದಿನದಲ್ಲಿ ಕನ್ನಡ ಪ್ರತಿಯನ್ನು ಕಳುಹಿಸಿದರು, ಸಂದೇಶಗಳ ಭಾಗವನ್ನು ಬಿಡಲೂ ಒಪ್ಪಿದರು. ಸುಮನಾ ಸಂದರ್ಶನ ಕೊಟ್ಟರು. ಸಂಬಂಧ ಮುರಿದ ವಿಷಯವನ್ನು ಎತ್ತಲಿಲ್ಲ. ತಜ್ಞರು ಕೊಟ್ಟ ಮಾತ್ರೆಯಿಂದ ಮುಟ್ಟಾಗಿದೆ, ಸಕ್ಕರೆಯ ಪರೀಕ್ಷೆಯೂ ಆಗಿದೆ. ನಿಶ್ಚಯ ತಪ್ಪಿದ ನಿಜವಾದ ಕಾರಣವನ್ನು ಅಮ್ಮನಿಗೆ ಹೇಳಬೇಕೆಂದು ಅವರಿಗೆ ಈಗ ಅನಿಸುತ್ತಿದೆ, ಹೇಗೆ ಹೇಳುವುದೆಂಬುದೇ ಮುಂದಿನ ಭೇಟಿಯ ವಿಷಯ.