ಕಾಲುವೆ ದಡವೊಂದೇ ಸಾಕೇ, ಗುಡ್ಡವೂ ಬೇಕೇ?

ಮೇ ತಿಂಗಳಲ್ಲಿ ಫ್ರಾನ್ಸಿನಲ್ಲಿ ಐದು ದಿನ ಬಿಡುವಿದೆ, ರೋಡ್ ಸೈಕಲ್ ಬಾಡಿಗೆಗೆ ಪಡೆದು ಏರುದಾರಿಯ ಗೋಜಿಲ್ಲದೆ ಕಾಲುವೆ ದಡದಲ್ಲೇ ಸುತ್ತಬಹುದೇ ಎಂದು ಕೇಳಿದ್ದೀರಿ. ಸುತ್ತಬಹುದು. ಆದರೆ ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ನೀವೇ ಗುಡ್ಡ ಎಲ್ಲಿದೆ ಎಂದು ಹುಡುಕುತ್ತೀರಿ. ನನಗೆ ಆದದ್ದು ಅದೇ.

ನಾನು ಮಂಡ್ಯದ ಕಡೆಯವನು, ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಸೈಕಲ್ ಕಲಿತವನು. ಓದಲೆಂದು ಪೂರ್ವ ಫ್ರಾನ್ಸಿನ ದಿಜೋನ್‌ಗೆ ಬಂದಾಗ ಊರಿನ ಪಕ್ಕದಲ್ಲೇ ಬರ್ಗಂಡಿ ಕಾಲುವೆ ಕಂಡು, ಇದು ನಮ್ಮ ನಾಲೆಯ ದೊಡ್ಡಣ್ಣ ಎಂದುಕೊಂಡೆ. ಅಲ್ಲ. ನಮ್ಮ ನಾಲೆ ಗದ್ದೆಗೆ ನೀರು ಹರಿಸುವುದಕ್ಕೆ ಇರುವುದು, ಅದಕ್ಕೆ ಇಳಿಜಾರು ಇರಲೇಬೇಕು. ಇವರ ಕಾಲುವೆ ದೋಣಿ ಸಾಗಿಸಲು ತೋಡಿದ್ದು, ಆದ್ದರಿಂದ ನೀರು ಮೆಟ್ಟಿಲು ಮೆಟ್ಟಿಲಾಗಿ ನಿಂತಿರುತ್ತದೆ. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ದೋಣಿಯನ್ನು ಏರಿಸಿ ಇಳಿಸುವ, ಎರಡೂ ತುದಿಗೆ ಬಾಗಿಲಿರುವ ಕಲ್ಲಿನ ತೊಟ್ಟಿಗೆ ಇಲ್ಲಿ ಎಕ್ಲೂಸ್ ಎನ್ನುತ್ತಾರೆ. ಈ ಕಾಲುವೆಯ 242 ಕಿಲೋಮೀಟರ್ ಉದ್ದದಲ್ಲಿ ಅಂಥ 189 ಇವೆ.

ತುಳಿಯುವವರಿಗೆ ಇದರಿಂದ ಆಗುವುದೇನು? ಎರಡು ಎಕ್ಲೂಸ್‌ಗಳ ನಡುವೆ ದಾರಿ ಚಾಪೆ ಹಾಸಿದಷ್ಟು ಸಮತಟ್ಟು. ಏರು ಇಲ್ಲ ಎಂಬುದು ಬೆಳಿಗ್ಗೆ ಖುಷಿ ಕೊಡುತ್ತದೆ. ಇಳಿಜಾರೂ ಇಲ್ಲ ಎಂಬುದು ಮಧ್ಯಾಹ್ನ ಅರಿವಾಗುತ್ತದೆ. ಪೆಡಲ್ ನಿಲ್ಲಿಸಿದರೆ ಸೈಕಲ್ಲೂ ನಿಂತಿತು. ಗಂಟೆಗಟ್ಟಲೆ ಕೂತ ಭಂಗಿ ಬದಲಾಗುವುದಿಲ್ಲ. ಅಂಗೈ ಜೋಮು ಹಿಡಿಯುತ್ತದೆ, ಕೂರುವ ಜಾಗದ ಕತೆ ಕೇಳಲೇಬೇಡಿ. ಗುಡ್ಡದ ದಾರಿಯಲ್ಲಿ ಏರುವಾಗ ಎದ್ದು ನಿಂತು ತುಳಿಯುತ್ತೀರಿ, ಇಳಿಯುವಾಗ ಸುಮ್ಮನೆ ಕೂರುತ್ತೀರಿ. ಮೈಗೆ ಅದೇ ವಿಶ್ರಾಂತಿ. ಹಾಗಾಗಿ ನನ್ನ ಸಲಹೆ ಇಷ್ಟೇ: ಕಾಲುವೆಯನ್ನು ಬೆನ್ನೆಲುಬಾಗಿ ಇಟ್ಟುಕೊಳ್ಳಿ, ದಿನಕ್ಕೊಮ್ಮೆ ಅದನ್ನು ಬಿಟ್ಟು ಗುಡ್ಡ ಹತ್ತಿ, ಸಂಜೆಗೆ ಮತ್ತೆ ನೀರಿನ ಪಕ್ಕಕ್ಕೆ ಬನ್ನಿ.

ಎಲ್ಲರೂ ಹೇಳುವ ದಕ್ಷಿಣದ ಕನಾಲ್ ದ್ಯು ಮಿದಿಯನ್ನು ನಿಮಗೆ ನಾನು ಹೇಳುವುದಿಲ್ಲ. ಹದಿನೇಳನೆಯ ಶತಮಾನದ ಆ ಕಾಲುವೆ ನೋಡಲೇಬೇಕಾದದ್ದು ನಿಜ. ಆದರೆ ತುಲೂಸ್‌ನಿಂದ ಸುಮಾರು ಐವತ್ತು ಕಿಲೋಮೀಟರ್ ಮಾತ್ರ ಒಳ್ಳೆಯ ಡಾಂಬರು. ಅಲ್ಲಿಂದ ಮುಂದೆ ಬಹಳ ಕಡೆ ಮಣ್ಣು, ಕಲ್ಲು, ಮರದ ಬೇರು. ತೆಳು ಟೈರಿನ ಸೈಕಲ್ಲಿಗೆ ಅದು ಶಿಕ್ಷೆ.

ದಿಜೋನ್‌ನಿಂದ ಪಶ್ಚಿಮಕ್ಕೆ ಹೊರಡಿ. ಊರಂಚಿನ ಕೀರ್ ಕೆರೆ ದಾಟಿದರೆ ಊಶ್ ಎಂಬ ಹೊಳೆಯ ಕಣಿವೆ. ಹೊಳೆ ಒಂದು ಕಡೆ, ಕಾಲುವೆ ಇನ್ನೊಂದು ಕಡೆ, ನಡುವೆ ನೀವು. ಮೊದಲ ದಿನದ ಈ ಭಾಗದಲ್ಲಿ ದಾರಿ ಬಹುತೇಕ ನುಣುಪಾಗಿದೆ. ಮುಂದೆ ಅಲ್ಲಲ್ಲಿ ಜಲ್ಲಿ ಸಿಗುವುದರಿಂದ ಕನಿಷ್ಠ 28 ಮಿಲಿಮೀಟರ್ ಟೈರ್ ಕೇಳಿ ಪಡೆಯಿರಿ. ಜಲ್ಲಿ ಬೇಸರವಾದರೆ ಪಕ್ಕದ ಡಿ ರಸ್ತೆಗಳಿಗೆ ಹೊರಳಿ. ಅವು ನಮ್ಮ ಜಿಲ್ಲಾ ರಸ್ತೆಗಳಂಥವು, ಹಳದಿ ತಲೆಯ ಮೈಲಿಗಲ್ಲಿನಿಂದ ಗುರುತು ಸಿಗುತ್ತದೆ. ಊರಿನ ಹೊರಗೆ ಸೈಕಲ್ ದಾಟುವ ಕಾರು ಒಂದೂವರೆ ಮೀಟರ್ ಅಂತರ ಬಿಡಬೇಕೆಂಬ ನಿಯಮವಿದೆ, ಬಹುತೇಕರು ಪಾಲಿಸುತ್ತಾರೆ. ಬೆಂಗಳೂರಿನಿಂದ ಬಂದವರಿಗೆ ಇದು ಮೊದಲು ಅನುಮಾನ ಹುಟ್ಟಿಸುತ್ತದೆ, ಇವನೇಕೆ ನನ್ನ ಹಿಂದೆಯೇ ಬರುತ್ತಿದ್ದಾನೆ ಎಂದು!

ಈ ದಾರಿಯಲ್ಲೇ ನನಗೊಬ್ಬ ಜೊತೆಗಾರ ಸಿಕ್ಕಿದ್ದ. ಎಕ್ಲೂಸ್ ನೋಡಿಕೊಳ್ಳುವವನು, ನಮ್ಮ ನೀರುಗಂಟಿಯ ಹಾಗೆ. ಒಂದು ದೋಣಿಯನ್ನು ದಾಟಿಸಿ, ಮೊಪೆಡ್ ಏರಿ ಅದಕ್ಕಿಂತ ಮುಂಚೆ ಮುಂದಿನ ಎಕ್ಲೂಸ್ ತಲುಪಿ, ಹಿಡಿಕೆ ಹಾಕಿ ತಿರುಗಿಸಿ ತೂಬು ಎತ್ತುತ್ತಿದ್ದ. ಅವನು ತಿರುಗಿಸುವಷ್ಟರಲ್ಲಿ ನಾನು ದಾಟುತ್ತಿದ್ದೆ, ಎರಡು ಕಿಲೋಮೀಟರ್ ಆಚೆ ಅವನು ನನ್ನನ್ನು ದಾಟುತ್ತಿದ್ದ. ಮೊದಲ ಸಲ 'ಬೊಂಜೂರ್' ಎಂದ. ಎರಡನೆಯ ಸಲ ನಕ್ಕ. ನಾಲ್ಕನೆಯ ಸಲ ಹಿಡಿಕೆಯನ್ನು ನನ್ನ ಕೈಗೆ ಕೊಟ್ಟ. ಹಲ್ಲಿನ ಚಕ್ರ ಟಕ ಟಕ ಎನ್ನುತ್ತಾ ಏರಿತು, ಬಾಗಿಲಿನ ಕೆಳಗಿನಿಂದ ನೀರು ಕಂದು ನೊರೆಯಾಗಿ ನುಗ್ಗಿತು, ಪಾಚಿಯ ವಾಸನೆ ಎದ್ದಿತು. ಆ ವಾಸನೆ ಮಾತ್ರ ನಮ್ಮೂರಿನದೇ.

ವಾಂದೆನೆಸ್ ಎಂಬ ಹಳ್ಳಿಯಲ್ಲಿ ತಲೆಯೆತ್ತಿ ನೋಡಿದರೆ ಗುಡ್ಡದ ನೆತ್ತಿಯಲ್ಲಿ ಶಾತೋನೆಫ್ ಕೋಟೆ. ನೂರು ಮೀಟರಿನಷ್ಟು ಏರು, ಕೊನೆಯಲ್ಲಿ ತುಸು ಕಡಿದು. ನಂದಿಬೆಟ್ಟ ಹತ್ತಿದವರಿಗೆ ಇದೊಂದು ಲೆಕ್ಕವೇ ಅಲ್ಲ. ಮೇಲಿನಿಂದ ಕಾಲುವೆ ಬೆಳ್ಳಿ ದಾರದಂತೆ ಕಾಣುತ್ತದೆ, ಸುತ್ತ ಬೇಲಿಯ ಹಸಿರಿನೊಳಗೆ ಶರೋಲೆ ತಳಿಯ ಬಿಳಿ ದನಗಳು. ಮೇ ಮೊದಲಾರ್ಧದಲ್ಲಿ ಕಾಣುವ ಹಳದಿ ಹೊಲಗಳನ್ನು ದಿಜೋನ್‌ನ ಹೆಸರುವಾಸಿ ಸಾಸಿವೆ ಎಂದು ಫೋಟೋ ಹಾಕಿಬಿಡಬೇಡಿ, ನಾನು ಹಾಕಿ ನಗೆಪಾಟಲಾದೆ. ಅದು ಎಣ್ಣೆಗೆ ಬೆಳೆಯುವ ಕೋಲ್ಜಾ. ಅಲ್ಲಿನ ಸಾಸಿವೆ ಚಟ್ನಿಗೆ ಬೇಕಾದ ಕಾಳಿನಲ್ಲಿ ದೊಡ್ಡ ಪಾಲು ಬರುವುದು ಕೆನಡಾದಿಂದ.

ಪೂಯಿ ಎಂಬ ಊರಿನಲ್ಲಿ ಕಾಲುವೆ ನೆಲದೊಳಗೆ ಹೋಗಿಬಿಡುತ್ತದೆ. ಸಮುದ್ರಮಟ್ಟದಿಂದ 378 ಮೀಟರ್ ಎತ್ತರದ ಇದೇ ಅದರ ನೆತ್ತಿ, ಇಲ್ಲಿ ಮೂರು ಕಿಲೋಮೀಟರಿಗೂ ಉದ್ದದ ಸುರಂಗ. ಒಳಗೆ ಕಾಲುದಾರಿ ಇಲ್ಲ, ನೀವು ಮೇಲಿನಿಂದ ಹೋಗಬೇಕು. ಗಾಳಿಬಾವಿಗಳ ಸಾಲು ಕೆಳಗೆ ನೀರಿದೆ ಎಂದು ನೆನಪಿಸುತ್ತದೆ. ಹಿಂದೆ ದೋಣಿಗಳನ್ನು ಒಳಗೆ ಎಳೆಯುತ್ತಿದ್ದ ವಿದ್ಯುತ್ ಎಳೆದೋಣಿಯೊಂದನ್ನು ಊರಿನಲ್ಲಿ ಇಟ್ಟಿದ್ದಾರೆ. ಅದಕ್ಕೆ ರಟ್ಟಿನ ಕೊಳವೆಗಳ ಚಪ್ಪರ ಕಟ್ಟಿದವರು ಜಪಾನಿನ ವಾಸ್ತುಶಿಲ್ಪಿ ಶಿಗೆರು ಬಾನ್.

ಅಲ್ಲಿಂದ ವೆನಾರೆ ಎಂಬ ಊರಿನವರೆಗೆ ಸುಮಾರು ನಲವತ್ತು ಕಿಲೋಮೀಟರಿನಲ್ಲಿ ಐವತ್ತಕ್ಕೂ ಹೆಚ್ಚು ಎಕ್ಲೂಸ್, ಎಲ್ಲವೂ ಇಳಿತದ ಕಡೆಗೆ. ಇಡೀ ಕಾಲುವೆಯಲ್ಲಿ ಪೆಡಲ್‌ಗೆ ಪುಕ್ಕಟೆ ಸಹಾಯ ಸಿಗುವುದು ಇಲ್ಲಿಯೇ. ವೆನಾರೆಯಲ್ಲಿ ಒಂದು ಪೂರ್ತಿ ದಿನ ನಿಲ್ಲಿ. ಪಕ್ಕದ ಗುಡ್ಡ ಅಲೇಸಿಯಾ: ಕ್ರಿ.ಪೂ. 52ರಲ್ಲಿ ಜೂಲಿಯಸ್ ಸೀಸರ್ ಗಾಲ್ ನಾಯಕ ವೆರ್ಸಿಂಜೆತೊರಿಕ್ಸ್‌ನನ್ನು ಮುತ್ತಿ ಶರಣಾಗಿಸಿದ ಜಾಗ. ಅಲ್ಲಿರುವ ವೆರ್ಸಿಂಜೆತೊರಿಕ್ಸ್‌ನ ದೊಡ್ಡ ಪ್ರತಿಮೆ 1865ರದು, ಮಾಡಿಸಿದವನು ಆಗಿನ ಫ್ರೆಂಚ್ ಚಕ್ರವರ್ತಿ ಮೂರನೆಯ ನೆಪೋಲಿಯನ್. ಮುಖವೂ ಅವನದೇ ಎಂದು ಊರವರು ಕಣ್ಣು ಮಿಟುಕಿಸುತ್ತಾರೆ. ಇನ್ನೊಂದು ಗುಡ್ಡದ ಮೇಲೆ ಫ್ಲಾವಿನಿ ಎಂಬ ಹಳ್ಳಿ. ಅಲ್ಲಿನ ಹಳೆಯ ಮಠದಲ್ಲಿ ಸೋಂಪಿನಂಥ ಒಂದೊಂದೇ ಕಾಳಿಗೆ ಸಕ್ಕರೆ ಪಾಕದ ಪದರ ಮೇಲೆ ಪದರ ಸುತ್ತಿ ಮಿಠಾಯಿ ಮಾಡುತ್ತಾರೆ. ಚೆಂದದ ಡಬ್ಬಿಯಲ್ಲಿ ಊರಿಗೆ ಒಯ್ದೆ. ಅಮ್ಮ ಬಾಯಿಗೆ ಹಾಕಿಕೊಂಡು, "ಇದನ್ನು ಹೋಟೆಲಿನಲ್ಲಿ ಬಿಲ್ಲಿನ ಜೊತೆ ಸುಮ್ಮನೆ ಕೊಡುತ್ತಾರಲ್ಲೋ" ಎಂದರು.

ಮುಂದೆ ಮೊಂಬಾರ್, ತೊನೇರ್, ಮಿಜೆನ್. ಮೊಂಬಾರ್‌ನಿಂದ ಫೊಂತನೆ ಮಠಕ್ಕೆ ಕಾಡಿನ ಕಣಿವೆಯಲ್ಲಿ ಹೋಗಿ ಬನ್ನಿ, ಉಳಿದದ್ದು ನಿಮ್ಮ ಕಾಲಿನ ಬಲಕ್ಕೆ ಬಿಟ್ಟದ್ದು. ಈ ಊರುಗಳೆಲ್ಲ ಪ್ಯಾರಿಸ್–ದಿಜೋನ್ ರೈಲು ಮಾರ್ಗದಲ್ಲೇ ಇರುವುದರಿಂದ ಸುಸ್ತಾದ ಕಡೆ ಟಿಇಆರ್ ಎಂಬ ಪ್ರಾದೇಶಿಕ ರೈಲು ಹತ್ತಬಹುದು.

ಊಟದ ಮಾತು. ಹಳ್ಳಿಗಳಲ್ಲಿ ಹನ್ನೆರಡರಿಂದ ಎರಡರವರೆಗೆ ಅಂಗಡಿ ಮುಚ್ಚಿರುತ್ತದೆ, ಹೋಟೆಲ್ ಬಡಿಸುವುದು ಆ ಎರಡು ಗಂಟೆ ಮಾತ್ರ. ಸೋಮವಾರ ಅನೇಕ ಕಡೆ ಎರಡೂ ಇಲ್ಲ. ಅಂಥ ಒಂದು ಸೋಮವಾರ ನಾನು ಜೇಬಿನ ಕಡಲೆಕಾಯಿಬೀಜದಲ್ಲಿ ದಿನ ಕಳೆದೆ. ಬೆಳಿಗ್ಗೆಯೇ ಬ್ರೆಡ್ಡು, ಚೀಸು ಕಟ್ಟಿಕೊಳ್ಳಿ. ನೀರು ಮುಗಿದರೆ ಹಳ್ಳಿಯ ಸ್ಮಶಾನಕ್ಕೆ ಹೋಗಿ. ತಮಾಷೆಯಲ್ಲ, ಹೂಗಿಡಗಳಿಗೆಂದು ಅಲ್ಲಿ ನಲ್ಲಿ ಇರುತ್ತದೆ, ಸೈಕಲ್ ತುಳಿಯುವವರೆಲ್ಲ ಬಾಟಲಿ ತುಂಬಿಸುವುದು ಅಲ್ಲೇ. 'ನೋಂ ಪೊತಾಬ್ಲ್' ಎಂಬ ಫಲಕವಿದ್ದರೆ ಮಾತ್ರ ಕುಡಿಯಬೇಡಿ.

ಕೊನೆಯದಾಗಿ, ಯಾರೂ ನನಗೆ ಹೇಳದೇ ಇದ್ದದ್ದು. ನಮ್ಮಲ್ಲಿ ಮುಂದಿನ ಬ್ರೇಕು ಬಲಗೈಯಲ್ಲಿ, ಫ್ರಾನ್ಸಿನಲ್ಲಿ ಎಡಗೈಯಲ್ಲಿ. ಫ್ಲಾವಿನಿಯ ಇಳಿಜಾರಿನಲ್ಲಿ ಹಿಂದಿನ ಚಕ್ರ ಹಿಡಿಯಲೆಂದು ಎಡಗೈ ಒತ್ತಿದೆ. ಮುಂದಿನದು ಕಚ್ಚಿಕೊಂಡಿತು, ನಾನು ಹ್ಯಾಂಡಲ್ ದಾಟಿ ಹುಲ್ಲಿಗೆ ಬಿದ್ದೆ. ಮೊಣಕೈಯಲ್ಲಿ ಗುರುತು ಈಗಲೂ ಇದೆ. ಬಾಡಿಗೆಗೆ ಪಡೆದ ಕೂಡಲೇ ಅಂಗಡಿಯ ಮುಂದೆ ನಾಲ್ಕು ಸುತ್ತು ಹಾಕಿ ನೋಡಿ, ಆಮೇಲೆ ಕಾಲುವೆಯ ಕಡೆ ತಿರುಗಿ.